ಕಾರವಾರದ ಕಡಲತೀರದಲ್ಲಿ ಹುಟ್ಟಿದ ಬಂಗಾಳಿ ನಾಟಕ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅದಕ್ಕೆ ಕಾರಣ ಒಂದು ನಾಟಕ. ಐಸಿಎಸ್‌ ಸೇರಿದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥರು 1883ರಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಉತ್ತರ ಕನ್ನಡವು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಣ್ಣನ ಮನೆಯಲ್ಲಿ ತಂಗಿದ್ದ 22ರ ಹರೆಯದ ಕವಿ ಇಲ್ಲಿ ಬರೆದ ಕೃತಿಯೇ ‘ಪ್ರಕೃತಿರ್ ಪ್ರತಿಶೋಧ್’, ಅಂದರೆ ಪ್ರಕೃತಿಯ ಪ್ರತೀಕಾರ. ಅದು 1884ರಲ್ಲಿ ಪ್ರಕಟವಾಯಿತು.

ಇದು ಠಾಕೂರರ ಮೊದಲ ನಾಟಕವೆಂದು ಹೇಳುವ ವಾಡಿಕೆಯುಂಟು. ಅದು ಸರಿಯಲ್ಲ. ‘ವಾಲ್ಮೀಕಿ ಪ್ರತಿಭಾ’ 1881ರಲ್ಲಿಯೇ ಕಲ್ಕತ್ತೆಯಲ್ಲಿ ರಂಗವೇರಿತ್ತು. ಮರುವರ್ಷ ‘ಕಾಲಮೃಗಯಾ’ ಬಂದಿತು. ಆದರೆ ಅವೆರಡೂ ಗೀತನಾಟಕಗಳು. ಕಾರವಾರದ ಕೃತಿಯಲ್ಲಿ ಹಾಡುಗಳಿದ್ದರೂ ಅದನ್ನು ನಡೆಸುವುದು ವಿಚಾರ. ಮೊದಲನೆಯದೆಂಬ ಪಟ್ಟಕ್ಕಿಂತ ಈ ತಿರುವೇ ಹೆಚ್ಚಿನದು.

ಗುಹೆಯಲ್ಲಿ ತಪಗೈದು, ಲೋಕದ ಬಂಧಗಳನ್ನೆಲ್ಲ ಗೆದ್ದೆನೆಂದು ಹೆಮ್ಮೆಪಡುವ ಸಂನ್ಯಾಸಿಯೊಬ್ಬ ಊರಿನ ಹಾದಿಗೆ ಬರುತ್ತಾನೆ. ಮೈಲಿಗೆಯೆಂದು ಜನ ದೂರವಿಟ್ಟ ಅನಾಥ ಬಾಲೆಯೊಬ್ಬಳು ಅವನನ್ನು ಆಶ್ರಯಿಸುತ್ತಾಳೆ. ಮಮತೆಗೆ ಅಂಜಿ ಅವನು ಓಡಿಹೋಗುತ್ತಾನೆ. ದಂಡ, ಕಮಂಡಲುಗಳನ್ನೆಸೆದು ಮರಳುವಷ್ಟರಲ್ಲಿ ಬಾಲೆ ಉಳಿದಿರುವುದಿಲ್ಲ. ಸೀಮೆಯೊಳಗೇ ಅಸೀಮವನ್ನು ಕಾಣುವ ಆನಂದ ತಮ್ಮ ಮುಂದಿನ ಸಾಹಿತ್ಯದ ವಸ್ತುವಾಯಿತೆಂದೂ, ಈ ನಾಟಕ ಅದಕ್ಕೆ ಪೀಠಿಕೆಯಂತೆಂದೂ ಕವಿ ತಮ್ಮ ‘ಜೀವನಸ್ಮೃತಿ’ಯಲ್ಲಿ (1912) ಹೇಳಿಕೊಂಡಿದ್ದಾರೆ. 1917ರಲ್ಲಿ ಇದರ ಇಂಗ್ಲಿಷ್ ರೂಪವೂ ಬಂದಿತು.

ಅದೇ ಗ್ರಂಥದಲ್ಲಿ ಕಾರವಾರದ ಅರ್ಧಚಂದ್ರಾಕಾರದ ಕಡಲತೀರ, ಗಾಳಿಮರಗಳ ತೋಪು, ಕಾಳಿ ನದಿಯಲ್ಲಿ ಬೆಳದಿಂಗಳ ದೋಣಿವಿಹಾರಗಳ ವರ್ಣನೆಯಿದೆ. ಶಿವಾಜಿಯ ಕಾಲದ ಗಿರಿದುರ್ಗವೊಂದರ ಬಳಿ ಇಳಿದ ಅವರ ತಂಡ, ರೈತನೊಬ್ಬನ ಗುಡಿಸಿ ಸ್ವಚ್ಛವಾಗಿಟ್ಟ ಅಂಗಳದಲ್ಲಿ ಕುಳಿತು ಉಪಾಹಾರ ಮಾಡಿತ್ತು. ನಾಟಕದ ಕೆಲವು ಹಾಡುಗಳು ಮಾತ್ರ ಇಲ್ಲಿ ಹುಟ್ಟಿದವಲ್ಲ. ಮರಳುವಾಗ ಹಡಗಿನ ಮೇಲೆ ರಚಿತವಾದವು.

ಪರಭಾಷೆಯ ರಂಗಭೂಮಿಗೆ ಈ ಕರಾವಳಿಯ ಕೊಡುಗೆ ಇದೊಂದೇ ಅಲ್ಲ. ಕನ್ನಡ ಕರಾವಳಿಯ ಭಾಗವತರ ತಂಡ ಸಾಂಗ್ಲಿಯ ಅರಸರ ಮುಂದೆ ಆಡಿ ತೋರಿಸಿದ ಆಟವೇ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ಕ್ಕೆ (1843) ಪ್ರೇರಣೆಯಾಯಿತು. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಗುರುತಿಸುವುದು ಆ ನಾಟಕದಿಂದ.

ಕಾರವಾರದ ದಕ್ಷಿಣಕ್ಕಿರುವ ಅಂಕೋಲೆಯಲ್ಲಿ ರಂಗಕ್ಕೆ ಅಂಗಳವೇ ಸಾಕು. ಹಾಲಕ್ಕಿ ಒಕ್ಕಲಿಗರು ಹೋಳಿ ಹುಣ್ಣಿಮೆಯ ಹೊತ್ತಿಗೆ ತುರಾಯಿ ಧರಿಸಿ ಮನೆಯಂಗಳಗಳಲ್ಲಿ ಸುಗ್ಗಿ ಕುಣಿಯುತ್ತಾರೆ. ಹಗರಣದ ವೇಷಗಳಲ್ಲಿ ಸಮಾಜದ ಓರೆಕೋರೆಗಳನ್ನು ಅಣಕಿಸುತ್ತಾರೆ. ಕನ್ನಡ ರಂಗಭೂಮಿಯ ಚರಿತ್ರೆಯನ್ನು ನಾಟಕ ಕಂಪನಿಗಳಿಂದ ಆರಂಭಿಸುವವರು ಇದನ್ನು ಹೊರಗಿಡುವುದು ವಿಚಿತ್ರವೇ ಸರಿ. ಈ ಜನಪದದ ನೂರಾರು ಹಾಡುಗಳನ್ನು ನೆನಪಿನಲ್ಲಿಯೇ ಕಾಪಾಡಿಕೊಂಡಿದ್ದವರು ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ. 2017ರಲ್ಲಿ ಪದ್ಮಶ್ರೀ ಪಡೆದ ಅವರು 2025ರ ಫೆಬ್ರುವರಿಯಲ್ಲಿ ನಿಧನರಾದರು.