ಒಪೇರಾ ಹೌಸ್‌ನ ನಗು ಎಲ್ಲಿ ಹೋಯ್ತು?

ಬೊರಿವಲಿಯಿಂದ ಸ್ಲೋ ಲೋಕಲ್ ಹಿಡಿದು ಚರ್ನಿ ರೋಡ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ರಾಯಲ್ ಒಪೇರಾ ಹೌಸ್ ಸಿಗುತ್ತೆ. ಮುಂಬೈಗೆ ಬಂದ ಎಷ್ಟೋ ವರ್ಷ ನನಗೆ ಅದು ಬರೀ ಒಂದು ಏರಿಯಾದ ಹೆಸರು.

ಅದನ್ನು ಕಟ್ಟಿಸಿದವರು ಮಾರಿಸ್ ಬ್ಯಾಂಡ್‌ಮನ್ ಅನ್ನೋ ಕಲ್ಕತ್ತಾದ ಮನರಂಜನಾ ಉದ್ಯಮಿ ಮತ್ತು ಪಾರ್ಸಿ ವ್ಯಾಪಾರಿ ಜಹಾಂಗೀರ್ ಫ್ರಾಮ್‌ಜಿ ಕರಾಕಾ. 1911ರಲ್ಲಿ ಐದನೇ ಜಾರ್ಜ್ ಉದ್ಘಾಟಿಸಿದಾಗ ಕೆಲಸ ಇನ್ನೂ ಮುಗಿದೇ ಇರಲಿಲ್ಲ. ನಮ್ಮ ರಿಲೀಸ್‌ಗಳ ಹಾಗೇ!

ಹೆಸರು ಒಪೇರಾ. ಆದ್ರೆ ಬ್ಯಾಂಡ್‌ಮನ್‌ಗೆ ಅನ್ನ ಹಾಕಿದ್ದು ಲಂಡನ್‌ನಲ್ಲಿ ಗೆದ್ದ ಸಂಗೀತ-ಹಾಸ್ಯದ ಶೋಗಳು: ತೆಳು ಕಥೆ, ಹಾಡು, ಕುಣಿತ, ಜೋಕು. ಅವನ ತಂಡಗಳು ಹಡಗಿನಲ್ಲಿ ಕೈರೋ, ಬಾಂಬೆ, ಕಲ್ಕತ್ತಾ, ರಂಗೂನ್, ಸಿಂಗಾಪುರ ಅಂತ ಜಪಾನ್ ತನಕ ಸುತ್ತುತ್ತಿದ್ವು. ಇಂಗ್ಲಿಷ್ ನಾಟಕ ನೋಡೋರು ಪ್ರತಿ ಊರಲ್ಲೂ ಕಡಿಮೆ. ಒಂದೇ ಶೋ ಬಹಳ ದಿನ ಓಡಲ್ಲ. ಹಾಗಾಗಿ ದಿನಕ್ಕೊಂದು ಆಟ, ಆಮೇಲೆ ಗಂಟುಮೂಟೆ ಕಟ್ಟಿ ಮುಂದಿನ ಊರು. ನಮ್ಮ ನಾಟಕ ಕಂಪನಿಗಳ ಮೊಕ್ಕಾಂ ಲೆಕ್ಕವೂ ಹೆಚ್ಚುಕಮ್ಮಿ ಇದೇ ಅಲ್ವಾ?

ಮುಂದೆ ಇದೇ ರಂಗದ ಮೇಲೆ ಬಾಲಗಂಧರ್ವ, ದೀನಾನಾಥ್ ಮಂಗೇಶ್ಕರ್, ಪೃಥ್ವಿರಾಜ್ ಕಪೂರ್ ಬಂದರು. ಬಾಲಗಂಧರ್ವ ಬೆಳೆದದ್ದು ಕಿರ್ಲೋಸ್ಕರ್ ನಾಟಕ ಮಂಡಳಿಯಲ್ಲಿ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ! ಇಲ್ಲಿನ ರಂಗಭೂಮಿಗೆ ನಾವು ತೀರಾ ಹೊರಗಿನವರಲ್ಲ.

1931ರಲ್ಲಿ ಪಕ್ಕದ ಗಿರಗಾಂವ್‌ನ ಮೆಜೆಸ್ಟಿಕ್ ಟಾಕೀಸಿನಲ್ಲಿ ‘ಆಲಂ ಆರಾ’ ಬಂತು. ಹಾಡು, ಕುಣಿತ, ಹಾಸ್ಯ ಎಲ್ಲಾ ಈಗ ಡಬ್ಬಿಯಲ್ಲಿ ಬರ್ತಿತ್ತು. ಇಡೀ ತಂಡಕ್ಕೆ ಹಡಗಿನ ಟಿಕೆಟ್ ಬೇಕಿರಲಿಲ್ಲ. ಒಪೇರಾ ಹೌಸೂ ಸಿನಿಮಾ ಮಂದಿರ ಆಯ್ತು. 1990ರ ದಶಕದಲ್ಲಿ ಬಾಗಿಲು ಹಾಕ್ತು. ರಿಪೇರಿ ಮುಗಿದು ಮತ್ತೆ ತೆರೆದದ್ದು 2016ರಲ್ಲಿ.

ಕಟ್ಟಡ ಉಳೀತು. ಆದ್ರೆ ಆ ರಾತ್ರಿಯ ಜನ ನೋಡಿ ನಟ ಸೇರಿಸಿದ ಜೋಕು, ಒನ್ಸ್ ಮೋರ್‌ಗೆ ಎಳೆದು ಹಾಡಿದ ಸಾಲು? ಅದಕ್ಕೆ ಬ್ಯಾಕಪ್ ಇಲ್ಲ.

ಇದು ನನಗೆ ಯಾಕೆ ಚುಚ್ಚುತ್ತೆ ಅಂದ್ರೆ, ನಮ್ಮಜ್ಜ ಗದಗ ಕಡೆ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರ್. ರಜೆಗೆ ಹೋದಾಗೆಲ್ಲ ನುಡಿಸಿ ತೋರಿಸೋರು. ‘ಮುಂದಿನ ಸಲ ರೆಕಾರ್ಡ್ ಮಾಡ್ತೀನಿ ಅಜ್ಜಾ’ ಅಂತ ನಾಲ್ಕು ದೀಪಾವಳಿ ಹೇಳಿದೆ. ಐದನೇ ದೀಪಾವಳಿಗೆ ಪೇಟಿ ಇತ್ತು, ಅಜ್ಜ ಇರಲಿಲ್ಲ.

ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರ ಮುಂದೆ ಹತ್ತು ನಿಮಿಷ ಫೋನ್ ಆನ್ ಮಾಡಿ ಕೂತ್ಕೊಳ್ಳಿ. ಸೌಂಡ್ ಕ್ವಾಲಿಟಿ ಹೇಗಿದ್ರೂ ನಡೆಯುತ್ತೆ.