ಶಿವಮೊಗ್ಗದಲ್ಲಿ ಹುಟ್ಟಿದ ಯಹೂದಿ ವೈದ್ಯೆ

ದುರ್ಗಿಗುಡಿಯಲ್ಲಿ ದಿನವೂ ಓಡಾಡುವ ನಿಮಗೆ ಡಾ. ಜೆರೂಷಾ ಝಿರಾಡ್ ಅವರ ಹೆಸರು ಗೊತ್ತೇ? ಈ ಯಹೂದಿ ವೈದ್ಯೆ 1890ರಲ್ಲಿ ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲೇ.

ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕಲಿತ ಅವರು, ಭಾರತ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನಲ್ಲಿ ಓದಿದ ಮೊದಲ ಮಹಿಳೆ. 1919ರಲ್ಲಿ ಲಂಡನ್ನಿನಲ್ಲಿ ಎಂ.ಡಿ. ಪದವಿ ಪಡೆದರು. ಪುರುಷ ವೈದ್ಯರ ಬಳಿ ಹೋಗಲು ಹೆಂಗಸರು ಹಿಂಜರಿಯುತ್ತಿದ್ದ ಕಾಲವದು. ಪಾರ್ಸಿ ದಾನಿಯೊಬ್ಬರ ನೆರವಿನಿಂದ ಮುಂಬಯಿಯಲ್ಲಿ ತಲೆಯೆತ್ತಿದ್ದ ಕಾಮಾ ಮಹಿಳಾ ಆಸ್ಪತ್ರೆಯನ್ನು 1928ರಿಂದ 1947ರವರೆಗೆ ಅವರೇ ಮುನ್ನಡೆಸಿದರು. ಹೆರಿಗೆಯಲ್ಲಿ ತಾಯಂದಿರು ಸಾಯುವುದೇಕೆಂದು ಆ ನಗರದಲ್ಲಿ ಅಧ್ಯಯನವನ್ನೂ ನಡೆಸಿದರು. 1966ರಲ್ಲಿ ಪದ್ಮಶ್ರೀ ಪುರಸ್ಕಾರ ಬಂತು.

ವಿದ್ಯಾರ್ಥಿವೇತನ ಸಿಕ್ಕಿದ್ದು ಒಬ್ಬ ಹೆಣ್ಣುಮಗಳಿಗೆ. ಅದರ ಫಲ ಉಂಡವರು ಎಲ್ಲ ಮತಗಳ ತಾಯಂದಿರು. ಮನೆಯ ಹುಡುಗಿಯ ಓದನ್ನು ಅರ್ಧಕ್ಕೆ ನಿಲ್ಲಿಸುವ ಮುನ್ನ ಇದನ್ನೊಮ್ಮೆ ನೆನೆಯಿರಿ.