ಕೋನವನ್ನಳೆಯುವ ಚಕ್ರ

ಕಾಟನ್‌ಪೇಟೆಯಂತಹ ಇಕ್ಕಟ್ಟಿನ ಬೀದಿಗಳಲ್ಲಿ ನೆರೆಹೊರೆಯವರು ವ್ಯಾಜ್ಯ ಹೂಡುವುದಕ್ಕೆ 9 ಅಂಗುಲದ ಗೋಡೆಯೊಂದು ಸಾಕು. 30 ಮೈಲಿ ದೂರದ ಗುಡ್ಡವನ್ನು ದುರ್ಬೀನಿನಲ್ಲಿ ಹಿಡಿದು ಕೋನವನ್ನಳೆಯುವವನು ಒಂದು ಸೆಕೆಂಡಿನಷ್ಟು, ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲಿನಷ್ಟು ತಪ್ಪಿದರೆ, ಆ ಗುಡ್ಡವು ಹೆಚ್ಚುಕಡಿಮೆ ಅದೇ 9 ಅಂಗುಲ ಪಕ್ಕಕ್ಕೆ ಸರಿದಂತಾಗುತ್ತದೆ.

ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದಿತು. ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ನಮ್ಮ ಬೆಂಗಳೂರಿನ ಬಳಿ 7 ಮೈಲಿಗೂ ಮೀರಿದ ನೇರ ರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದನು. ತ್ರಿಕೋನದ ಒಂದು ಭುಜ ತಿಳಿದ ಮೇಲೆ ಉಳಿದುದೆಲ್ಲವೂ ಕೋನಗಳ ಕೆಲಸ. ಅದಕ್ಕಾಗಿ ಲಂಡನ್ನಿನ ಕೇರಿ ಎಂಬಾತನು ಮಾಡಿದ, 36 ಅಂಗುಲ ವ್ಯಾಸದ ಚಕ್ರವುಳ್ಳ, ಅರ್ಧ ಟನ್ ತೂಕದ ಥಿಯೊಡಲೈಟ್ ಯಂತ್ರವು ಬಂದಿತು. ದಾರಿಯಲ್ಲಿ ಫ್ರೆಂಚರು ಅದನ್ನು ಸೆರೆಹಿಡಿದು ಮಾರಿಷಸ್ಸಿಗೆ ಒಯ್ದು, ಬಳಿಕ ದೊಡ್ಡ ಮನಸ್ಸಿನಿಂದ ಮದರಾಸಿಗೆ ಕಳುಹಿಸಿಕೊಟ್ಟರು.

1808ರಲ್ಲಿ ತಂಜಾವೂರಿನ ಮಹಾದೇವಾಲಯದ ಮೇಲಕ್ಕೆ ಅದನ್ನು ಏರಿಸುವಾಗ ಹಗ್ಗ ಕಡಿದು, ಯಂತ್ರವು ಗೋಡೆಗೆ ಬಡಿದು ಚಕ್ರವು ಸೊಟ್ಟಗಾಯಿತು. ಲ್ಯಾಂಬ್ಟನ್ ಡೇರೆಯ ಬಾಗಿಲನ್ನು ಮುಚ್ಚಿಕೊಂಡು, ಬೆಣೆ ತಿರುಪುಗಳಿಂದ ಆರು ವಾರ ಅದನ್ನು ಎಳೆದೆಳೆದು ಮೊದಲಿನ ದುಂಡಿಗೆ ತಂದನು. ಆತನ ತಾಳ್ಮೆಯನ್ನು ಎಲ್ಲರೂ ಹೊಗಳುವರು. ಆದರೆ ಕೈಚಳಕವೊಂದನ್ನೇ ನಂಬಿ ಕೂರುವಂತಿರಲಿಲ್ಲ. ಅಂತಹ ಚಕ್ರದ ನಡುವೂ ಅದು ತಿರುಗುವ ಅಚ್ಚೂ ಅಂಗುಲದ ಸಾವಿರದಲ್ಲೊಂದು ಪಾಲು ಬೇರೆಯಾದರೆ, ಒಂದೇ ಕಡೆ ಓದಿದ ಕೋನವು 11 ಸೆಕೆಂಡಿನವರೆಗೆ ತಪ್ಪುತ್ತದೆ. ಇದಕ್ಕೆ ಪರಿಹಾರವು ಸುಲಭ: ಎದುರುಬದುರಾಗಿ ಎರಡು ಕಡೆ ಓದಬೇಕು. ಒಂದರಲ್ಲಿ ಹೆಚ್ಚಿದಷ್ಟು ಇನ್ನೊಂದರಲ್ಲಿ ಕುಗ್ಗಿ, ಸರಾಸರಿಯಲ್ಲಿ ದೋಷವು ಅಳಿಯುತ್ತದೆ. ಚಕ್ರದ ಗೆರೆಗಳ ದೋಷಕ್ಕಾದರೋ, ಚಕ್ರವನ್ನು ಬೇರೆ ಬೇರೆ ನೆಲೆಯಲ್ಲಿಟ್ಟು ಅದೇ ಕೋನವನ್ನು ಮತ್ತೆ ಮತ್ತೆ ಅಳೆಯುವ ವಾಡಿಕೆಯು ಈ ಮೋಜಣಿಯಲ್ಲಿ ಮುಂದೆ ಬೇರೂರಿತು.

ಇಂದು ಯಂತ್ರಗಳ ತೋಳಿನಲ್ಲೂ ವಾಹನಗಳ ಚುಕ್ಕಾಣಿಯಲ್ಲೂ ಕೋನವನ್ನಳೆಯುವ ಮಾಪಕಗಳು ಅಂಗೈಯಲ್ಲಿ ಅಡಗುತ್ತವೆ. ಅವುಗಳಲ್ಲಿ ಕೆಲವು, ಫ್ಯಾರಡೆಯು 1831ರಲ್ಲಿ ಕಂಡ ವಿದ್ಯುತ್ ಪ್ರೇರಣೆಯಿಂದ ನಡೆಯುವಂಥವು. ತಂತಿಯ ಒಂದು ಸುರುಳಿಯಲ್ಲಿ ಪರ್ಯಾಯ ವಿದ್ಯುತ್ತು ಹರಿಯುತ್ತದೆ. ಅಚ್ಚಿನೊಡನೆ ತಿರುಗುವ ಲೋಹದ ತುಂಡು ಬೇರೆ ಎರಡು ಸುರುಳಿಗಳಲ್ಲಿ ಹುಟ್ಟುವ ವಿದ್ಯುತ್ತನ್ನು ಏರಿಳಿಸುತ್ತದೆ. ಆ ಎರಡರ ಪ್ರಮಾಣದಿಂದ ಕೋನವು ದೊರೆಯುತ್ತದೆ. ಗೆರೆಯೂ ಇಲ್ಲ, ಧೂಳಿನ ಭಯವೂ ಇಲ್ಲ. ಹಳೆಯ ಶತ್ರು ಮಾತ್ರ ಇದ್ದೇ ಇದೆ. ಒಂದಂಗುಲ ತ್ರಿಜ್ಯದ ಮಾಪಕವನ್ನು ಒಂದೇ ಕಡೆಯಿಂದ ಓದಿದರೆ, ಅಚ್ಚು ಅದೇ ಸಾವಿರದಲ್ಲೊಂದು ಪಾಲು ಸರಿದಾಗ ತಪ್ಪು ಮೂರು ಮಿನಿಟನ್ನೂ ಮೀರುತ್ತದೆ. ಆದುದರಿಂದಲೇ ಸುರುಳಿಗಳನ್ನು ವೃತ್ತದ ಸುತ್ತಲೂ ಹಾಸುವರು. ಎದುರುಬದುರು ಓದುವ ಹಳೆಯ ಯುಕ್ತಿಯೇ ಇದು. ಸುರುಳಿಗಳೆರಡರ ಬಲವು ಸಮನಾಗಿಲ್ಲದುದರಿಂದ ಬರುವ ದೋಷವನ್ನು ಲೆಕ್ಕದಿಂದ ತಿದ್ದುವರು. ಉಳಿದುದನ್ನು ಇನ್ನೂ ನಂಬಿಕೆಯ ಚಕ್ರವೊಂದರೊಡನೆ ಹೋಲಿಸಿ, ಕೋಷ್ಟಕ ಬರೆದು ಕಳೆಯುವರು. ಈ ಕೋಷ್ಟಕವನ್ನು ಮಾಪಕವು ತನ್ನ ಅಚ್ಚಿನ ಮೇಲೆ ಕುಳಿತ ಬಳಿಕವೇ ಬರೆಯಬೇಕು. ಅಚ್ಚನ್ನು ಹೊರುವ ಬೇರಿಂಗು ಸವೆದರೆ ಮತ್ತೆ ಹೊಸದಾಗಿ ಬರೆಯಬೇಕು.